ಬರಬೇಡಿ ಎಂದು ಹೇಳಲು ಮನೆಮನೆಗೆ ಹೋದದ್ದು

ಹೊರಡುವ ಮುಂಚೆ

ನಮ್ಮ ಯಲ್ಲಾಪುರ ಪೇಟೆಯಲ್ಲಿ ಈಗ ಒಂದು ಹೊಸ ಮಾತು ಹೊರಟಿದೆ. "ಗೋವೆಯಲ್ಲಿ ಪರಂಗಿಯವರಿದ್ದಾಗ ಎಲ್ಲ ಶಿಸ್ತಾಗಿತ್ತು. ಆಳುವವನು ಒಬ್ಬನೇ ಇರಬೇಕು. ನಮ್ಮ ಹಾಗೆ ಕಂಡಕಂಡವರಿಗೆಲ್ಲ ಓಟು ಕೊಟ್ಟರೆ ಸಂತೆಯೇ ಸೈ!" ಇದನ್ನು ಹೇಳುವವರು ಅಲ್ಲಿಂದ ಕಳ್ಳಸಾಗಣೆಯಲ್ಲಿ ಬಂದ ವಾಚು ಕಟ್ಟಿಕೊಂಡವರು. ನಮ್ಮ ಚಿನ್ನದ ಕೆಲಸದ ಅಂಗಡಿಯ ಜಗುಲಿ ಮೇಲೆ ಕೂತು, ನಮ್ಮದೇ ಎಲೆಅಡಿಕೆ ಹಾಕಿಕೊಂಡು ಹೇಳುತ್ತಾರೆ. ಅವರಲ್ಲಿ ಒಬ್ಬನೂ ಪರಂಗಿಯವರ ಕಾಲದಲ್ಲಿ ಗಡಿ ದಾಟಿ ಅಲ್ಲಿ ಒಂದು ರಾತ್ರಿ ಮಲಗಿದವನಲ್ಲ. ಮಲಗಿದವಳು ನಾನು. ಕೇಳುತ್ತ ಕೇಳುತ್ತ ನನ್ನ ಮೈಯೆಲ್ಲ ಉರಿದು, "ಬರೆದೇ ಬಿಡುತ್ತೇನೆ" ಎಂದೆ. "ನೀನಾ?" ಎಂದು ಇವರು, ನನ್ನ ಗಂಡ, ನಕ್ಕರು. ಹೌದು, ನಾನೇ. ಕಲಿತದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದರೆ ತಿದ್ದಿಕೊಂಡು ಓದಿ. ಮಾತು ತಪ್ಪಿದ್ದರೆ ಬಂದು ಕೇಳಿ.

ಇದು ನಡೆದಾಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷ ಆಗಿತ್ತು. ನನ್ನ ಮಗಳು ಶಾರದೆಯನ್ನು ಗಡಿಯಾಚೆ ಕಾಣಕೋಣದ ಹತ್ತಿರದ ಒಂದು ಊರಿಗೆ ಕೊಟ್ಟಿದ್ದೆವು. ಅಳಿಯ ಪುಂಡಲೀಕನೂ ನಮ್ಮ ಹಾಗೇ ಅಕ್ಕಸಾಲಿಗ. ಮದುವೆ ಆದಾಗ ಗಡಿ ಅಂದರೆ ಒಂದು ಹಗ್ಗ, ಎರಡು ಪೋಲೀಸು, ಅಷ್ಟೇ. ಆಮೇಲೆ ಸತ್ಯಾಗ್ರಹ, ಗೋಲೀಬಾರು ಎಲ್ಲ ಆಗಿ ದಾರಿ ಮುಚ್ಚಿತು. ಆಚೆಯವನು ಗೋಡೆ ಕಟ್ಟಿದ, ಈಚೆಯವರು ಬಾಗಿಲು ಹಾಕಿದರು, ನಡುವೆ ಉಳಿದವಳು ನನ್ನ ಮಗಳು. ಹೆಣ್ಣು ಮಗು ಹುಟ್ಟಿದೆ ಎಂದು ಸುದ್ದಿ ಬಂದ ದಿನ ನಾನು ಒಲೆ ಮೇಲಿನ ಹಾಲು ಉಕ್ಕಿ ಹರಿಯುವುದನ್ನು ನೋಡುತ್ತ ನಗುತ್ತ ನಿಂತಿದ್ದೆನಂತೆ. ನನಗೆ ನೆನಪಿಲ್ಲ. ಮೊದಲ ಮೊಮ್ಮಗಳು! ಶಾರದೆ ಬಸುರಿ ಎಂದು ತಿಳಿದಾಗಿನಿಂದ ಕಾರವಾರದ ಕಚೇರಿಗೆ ತಿರುಗುತ್ತಿದ್ದ ಇವರು, ನನ್ನ ಕುಣಿತ ನೋಡಲಾರದೆ ಮರುದಿನವೇ ಹೋಗಿ ಒಂದು ಪರವಾನಗಿ ತಂದರು. ಒಬ್ಬರಿಗೆ ಮಾತ್ರ. ತಾಯಿಗೆ.

ಮಾಜಾಳಿ ನಾಕೆ

ಅರಬೈಲ್ ಘಟ್ಟ ಇಳಿದು, ಕಾಳಿ ನದಿಯನ್ನು ಲಾಂಚಿನಲ್ಲಿ ದಾಟಿ ಇವರ ಜೊತೆ ಮಾಜಾಳಿಗೆ ಬಂದೆ. ನಮ್ಮ ಕಡೆಯ ನಾಕೆಯ ಗಡಿ ಕಾವಲಿನವರು ಗಂಟು ಬಿಚ್ಚಿಸಿದರು. ಮಗುವಿನ ಬೆಳ್ಳಿ ಉಡಿದಾರ ನೋಡಿ ಒಬ್ಬ, "ಇದು ಯಾಕೆ?" ಎಂದ.

"ನನ್ನ ಸೊಂಟಕ್ಕೆ ಆಗುತ್ತದೆಯೇ ನೋಡಿ" ಎಂದೆ. ಅವನ ಸಾಹೇಬ ನಕ್ಕು ಬಿಟ್ಟುಕೊಟ್ಟ.

ಇವರು ನಾಕೆಯ ಈಚೆ ಉಳಿದರು. ನಾನು ಒಬ್ಬಳೇ, ತಲೆ ಮೇಲೆ ಗಂಟು, ಕಂಕುಳಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ ಇಟ್ಟುಕೊಂಡು, ಯಾರದ್ದೂ ಅಲ್ಲದ ಆ ರಸ್ತೆಯಲ್ಲಿ ನಡೆದೆ. ಎರಡೂ ಕಡೆ ಅದೇ ಗೇರು ಗಿಡ, ಅದೇ ಕೆಂಪು ಮಣ್ಣು. ಇಷ್ಟಕ್ಕೇ ಪರದೇಶ.

ಪೋಳೆಂ

ಆಚೆ ಬದಿಯ ಪೋಳೆಂ ನಾಕೆಯಲ್ಲಿ ಬಂದೂಕು ಹಿಡಿದು ನಿಂತ ಸಿಪಾಯಿಯನ್ನು ನೋಡಿ ನನಗೆ ಜೀವ ಬಂದ ಹಾಗಾಯಿತು. ನಮ್ಮ ಯಲ್ಲಾಪುರದ ಕಾಡಿನ ಸಿದ್ದಿಗಳ ಹಾಗೇ ಇದ್ದಾನೆ! ಅದೇ ಗುಂಗುರು ಕೂದಲು, ಅದೇ ಅಗಲ ಹೆಗಲು. ನಮ್ಮ ಸಿದ್ದಿಗಳು ನಮ್ಮ ಮನೆಮಾತು ಕೊಂಕಣಿಯನ್ನೇ ಆಡುತ್ತಾರೆ. ನಾನು ಗಂಟು ಇಳಿಸಿ ಕೊಂಕಣಿಯಲ್ಲಿ ಶುರು ಮಾಡಿದೆ. "ಉಂಡೆಯೇನೋ ತಮ್ಮಾ? ಯಾವ ಊರು? ನಾನು ಮೊಮ್ಮಗಳನ್ನು ನೋಡಲು ಬಂದವಳು." ಹೆಸರು ಹೇಳಿದೆ, ಊರು ಹೇಳಿದೆ, ಹೆರಿಗೆ ಸಲೀಸಾದದ್ದನ್ನೂ ಹೇಳಿದೆ. ಅವನಿಗೆ ಒಂದು ಅಕ್ಷರ ತಿಳಿಯಲಿಲ್ಲ. ಅವನು ಆಫ್ರಿಕದವನು. ಲಿಸ್ಬನ್ನಿನಲ್ಲಿ ಕೂತ ಪರಂಗಿಯವರ ಯಜಮಾನ ಅಲ್ಲಿಂದ ಎತ್ತಿ ಇಲ್ಲಿ ತಂದು ನಿಲ್ಲಿಸಿದ್ದ. ನಮ್ಮ ಸಿದ್ದಿಗಳ ಅಜ್ಜಂದಿರನ್ನು ಹಡಗಿನಲ್ಲಿ ತಂದವರೂ ಈ ಪರಂಗಿಯವರೇ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಬಿಸಿಲಿನಲ್ಲಿ ಬೆವರುತ್ತ ನಿಂತ ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಬಂದದ್ದು ಒಂದೇ ಗಳಿಗೆ. ಅವನು ಭರಣಿಯ ಬಟ್ಟೆ ಬಿಚ್ಚಿದ. ಒಳಗೆ ಏನು ಅಡಗಿಸಿದ್ದಾಳೆ ಎಂದು ಒದ್ದೆ ಕೈಯನ್ನು ಮೊಣಕೈವರೆಗೆ ಇಳಿಸಿದ. "ಅಯ್ಯೋ, ನೀರು ಕೈ! ನೀರು ಕೈ ಹಾಕಬೇಡವೋ!" ಎಂದು ನಾನು ಕೂಗಿದ ಕೂಗಿಗೆ ಒಳಗಿನಿಂದ ಇಬ್ಬರು ಬಂದೂಕು ಹಿಡಿದೇ ಓಡಿಬಂದರು. ಅವನು ಒಂದು ಮಿಡಿ ಎತ್ತಿ ನೋಡಿ, ಕಚ್ಚಿ, ಕಣ್ಣು ಮುಚ್ಚಿಕೊಂಡ. ಇನ್ನೊಂದು ತೆಗೆದ. ಆ ಉಪ್ಪಿನಕಾಯಿ ಹದಿನೈದು ದಿನದಲ್ಲಿ ಬೂಸಲು ಬಂತು ಎಂದು ಶಾರದೆ ಆಮೇಲೆ ಹೇಳಿದಳು. ಮೂರು ವರ್ಷ ಇರಬೇಕಾದದ್ದು!

ಬೀಗರ ಮನೆ

ಮಗುವಿನ ವಿಚಾರ ಬರೆಯಲು ಕೂತರೆ ಈ ಕಾಗದ ಸಾಲುವುದಿಲ್ಲ. ಮೂಗು ನಮ್ಮ ಇವರದು, ಪಾಪ. ಕಣ್ಣು ನನ್ನದು. ಬೆರಳು ಕೊಟ್ಟರೆ ಹಿಡಿದು ಬಿಡುವುದೇ ಇಲ್ಲ. ಎಲ್ಲ ಮಕ್ಕಳೂ ಹಾಗೇ ಹಿಡಿಯುತ್ತವೆ ಎಂದು ಬೀಗಿತ್ತಿ ಹೇಳಿದರು. ಹಿಡಿಯುತ್ತವೆ, ಆದರೆ ಹೀಗೆ ಹಿಡಿಯುವುದಿಲ್ಲ.

ಹನ್ನೆರಡನೇ ದಿನ ತೊಟ್ಟಿಲು, ಹೆಸರಿಡುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೊಟ್ಟಿಲ ಈ ಕಡೆ ಒಂದಷ್ಟು ಹೆಂಗಸರು, ಆ ಕಡೆ ಒಂದಷ್ಟು ಹೆಂಗಸರು ನಿಲ್ಲುತ್ತಾರೆ. ಇವರು ಮಗುವನ್ನು ತೊಟ್ಟಿಲ ಕೆಳಗಿನಿಂದ ಕೊಡುತ್ತಾರೆ, ಅವರು ತೆಗೆದುಕೊಂಡು ಮೇಲಿನಿಂದ ತಿರುಗಿ ಕೊಡುತ್ತಾರೆ. ಆಮೇಲೆ ಅತ್ತೆಯಾದವಳು ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಮಗು ಒಂದು ಮನೆಯದಲ್ಲ, ಕೇರಿಯದು ಅಂತ ಅದರ ಅರ್ಥ. ಆಚೆ ಬದಿಯಲ್ಲಿ ತೆಗೆದುಕೊಳ್ಳುವ ಕೈ ಇಲ್ಲದಿದ್ದರೆ ಅದು ತೊಟ್ಟಿಲೇ ಅಲ್ಲ.

"ಯಾರನ್ನೆಲ್ಲ ಕರೆದಿರಿ?" ಎಂದು ಕೇಳಿದೆ.

ಪುಂಡಲೀಕ ತಲೆ ತಗ್ಗಿಸಿದ. "ಇನ್ನೂ ಯಾರನ್ನೂ ಇಲ್ಲ, ಮಾಂಯ್. ಕಾಗದ ಅಚ್ಚಿಗೆ ಕೊಟ್ಟಿದ್ದೇನೆ. ಅಚ್ಚು ಹಾಕುವ ಮೊದಲು ಸರಕಾರದವರು ಓದಿ ಮುದ್ರೆ ಒತ್ತಬೇಕು. ಅದು ಬಂದಿಲ್ಲ."

"ಮದುವೆ ಕಾಗದ, ತೊಟ್ಟಿಲ ಕಾಗದ, ಇದನ್ನು ಸರಕಾರ ಓದುತ್ತದೆಯೇ?"

"ಎಲ್ಲ ಓದುತ್ತದೆ."

"ಓದಿ ಏನು ಮಾಡುತ್ತದೆ? ಮುಯ್ಯಿ ತರುತ್ತದೆಯೇ?"

ಶಾರದೆ ನಕ್ಕಳು. ಬೀಗಿತ್ತಿ ನಗಲಿಲ್ಲ, ಎದ್ದು ಹೋಗಿ ಕಿಟಕಿ ಹಾಕಿದರು. ಆ ಊರಿನಲ್ಲಿ ನಾನು ಕಂಡ ಮೊದಲ ಅಭ್ಯಾಸ ಅದು. ನಗು ಬಂದರೆ ಮೊದಲು ಕಿಟಕಿ ನೋಡುತ್ತಾರೆ.

ಪುಂಡಲೀಕನ ದಾಯಾದಿ ಒಬ್ಬ ಹಿಂದೆ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿದ್ದ. ಅಂದಿನಿಂದ ಆ ಮನೆಯ ಮೇಲೆ ಕಣ್ಣು. ಅದಕ್ಕೇ ಮುದ್ರೆ ತಡ. ಊರಿನ ಹಿರಿಯರಿಗೆ ಹೇಳಬಾರದೇ ಎಂದೆ. ಹಿರಿಯರು ಅಂದರೆ ಅಲ್ಲಿ ಗಾಂವಕಾರರು. ಯಾವ ಕಾಲದಲ್ಲೋ ಊರು ಕಟ್ಟಿದ ಕೆಲವು ಮನೆಗಳ ಗಂಡಸರು. ಗದ್ದೆ, ಕೆರೆ, ದೇವಸ್ಥಾನ ಎಲ್ಲದರ ತೀರ್ಮಾನ ಅವರು ಕೂತು ಮಾಡುತ್ತಾರೆ. "ನಾವು ಇಲ್ಲಿಗೆ ಬಂದು ನಾಲ್ಕು ತಲೆ ಆಯಿತು" ಎಂದರು ಬೀಗಿತ್ತಿ, ಮಳೆ ಬರುತ್ತದೆ ಅನ್ನುವಷ್ಟು ಸಹಜವಾಗಿ. "ಸಭೆಯಲ್ಲಿ ನಮ್ಮವರು ನಿಂತಿರುತ್ತಾರೆ. ಕೂರುವುದು ಅವರು."

"ನಾಲ್ಕು ತಲೆಯಿಂದ ನಿಂತೇ ಇದ್ದೀರಾ?"

"ಬೀಗಿತ್ತಿಬಾಯಿ, ನಿಮ್ಮಲ್ಲಿ ಎಲ್ಲರೂ ಕೂರುತ್ತಾರೆಯೇ?"

ಕೂರುತ್ತಾರೆ ಎನ್ನಲು ಹೊರಟೆ, ಅಷ್ಟರಲ್ಲಿ ನೆನಪಾಯಿತು. ನಮ್ಮ ಪಕ್ಕದ ಹಳ್ಳಿಯ ಪಂಚಾಯತಿಗೆ ಮೆಂಬರು ಆಗುವವರು ಯಾರು ಎಂದು ಒಂದು ದೊಡ್ಡ ಮನೆಯ ಜಗುಲಿಯಲ್ಲಿ ತೀರ್ಮಾನ ಆಗಿತ್ತು. ಗದ್ದೆ ಕೆಲಸದವರಿಗೆ ಸಂತೆಯಲ್ಲಿ ಗೊತ್ತಾಯಿತು. ಆ ಸಿಟ್ಟೂ ನನ್ನಲ್ಲಿದೆ. ಅದನ್ನು ಇನ್ನೊಂದು ಸಲ ಬರೆದರೂ ಬರೆದೇನು.

ಕೇರಿ

ಮುದ್ರೆ ಬರಲಿಲ್ಲ. ತೊಟ್ಟಿಲಿಗೆ ಎರಡೇ ದಿನ ಉಳಿಯಿತು. ಮಧ್ಯಾಹ್ನ ಶಾರದೆ ಮಲಗಿದ್ದಳು, ಬೀಗಿತ್ತಿಯೂ ಸೆರಗು ಹಾಸಿ ಅಡ್ಡಾಗಿದ್ದರು. ನಾನು ಯೋಚಿಸಿದೆ. ಇವರಿಗೆ ಕಾಗದ ಯಾಕೆ ಬೇಕು? ನಮ್ಮ ಕಡೆ ಹತ್ತಿರದವರಿಗೆ ಕಾಗದ ಕೊಟ್ಟರೆ ಅವಮಾನ. ಹೊಸ್ತಿಲ ಮೇಲೆ ನಿಂತು ಕುಂಕುಮ ಕೊಟ್ಟು ಬಾಯಲ್ಲಿ ಕರೆದರೇ ಕರೆದ ಹಾಗೆ. ಬಾಯಲ್ಲಿ ಕರೆದರೆ ಯಾರು ಎಲ್ಲಿ ಮುದ್ರೆ ಒತ್ತುತ್ತಾರೆ? ಇಷ್ಟು ಸುಲಭದ ದಾರಿ ಇವರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೇ ಹೆಮ್ಮೆಯಾಯಿತು.

ಕುಂಕುಮದ ಬಟ್ಟಲು ಹಿಡಿದು ಹೊರಟೆ. ಬಾಗಿಲು ತೆರೆದಿದ್ದ ಒಂದು ಮನೆಯನ್ನೂ ಬಿಡಲಿಲ್ಲ. ಮೀನಿನವರ ಮನೆ, ಗಾಂವಕಾರರ ಮನೆ, ಪಕ್ಕದ ಕ್ರಿಸ್ತಾಂವ ಹೆಂಗಸು ಕಾರ್ಮೆಲಿನ್‌ಬಾಯಿಯ ಮನೆ. ಅವಳು ನನ್ನ ಕೈ ಹಿಡಿದು, "ನಮ್ಮನ್ನು ಬಾಯಿ ತುಂಬ ಕರೆದು ಎಷ್ಟು ಕಾಲವಾಯಿತು, ಬಾಯ್! ನಾನು ಕಡಲೆಬೇಳೆಯ ಸಿಹಿ ಮಾಡಿ ತರುತ್ತೇನೆ" ಎಂದಳು. ಕೊನೆಯಲ್ಲಿ ದೊಡ್ಡ ಮೆಟ್ಟಿಲಿನ ಒಂದು ಮನೆ. ಅಲ್ಲಿ ಜಗುಲಿಯಲ್ಲಿ ಒಬ್ಬಳು ಮುದುಕಿ, ಕಿವಿ ಮಂದ. ಅವಳಿಗೆ ಮೂರು ಸಲ ಕೂಗಿ ಹೇಳಿದೆ. "ಬರುತ್ತೇನೆ, ಬರುತ್ತೇನೆ" ಎಂದು ಬೊಚ್ಚುಬಾಯಿ ಅಗಲಿಸಿದಳು. ಅದು ಊರಿನ ಅಧಿಕಾರಿ ರೆಜಿದೋರನ ಮನೆ ಎಂದು, ಅವಳು ಅವನ ತಾಯಿ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕರೆಯುತ್ತಿದ್ದೆ.

ಮನೆಗೆ ಬಂದು ಹೇಳಿದೆ. ಬೀಗಿತ್ತಿ ಗೋಡೆ ಹಿಡಿದು ಕೂತರು. "ಹಿಂದುಸ್ತಾನದಿಂದ ಬಂದವರು ಮನೆಮನೆಗೆ ಹೋದಿರಾ? ಪರವಾನಗಿ ಇಲ್ಲದೆ ಜನ ಸೇರಿಸುವುದಕ್ಕೆ? ಅಯ್ಯೋ ನನ್ನ ಮಗನೇ!"

ದೀಪ ಹಚ್ಚುವ ಹೊತ್ತಿಗೆ ಪೋಲೀಸು ಬಂದು ಪುಂಡಲೀಕನನ್ನು ಕರೆದ. ನಾನೂ ಚಪ್ಪಲಿ ಮೆಟ್ಟಿದೆ.

ರೆಜಿದೋರನ ಕಚೇರಿ

ರೆಜಿದೋರ ಅಂದರೆ ನಮ್ಮ ಪಟೇಲನ ಹಾಗೆ. ಗೋಡೆಯಲ್ಲಿ ಲಿಸ್ಬನ್ನಿನ ಯಜಮಾನನ ಪಟ, ಕೆಳಗೆ ಇವನು. ಬಿಳಿಯವನಲ್ಲ, ಅದೇ ಊರಿನ ಗಾಂವಕಾರ. ಮೆತ್ತಗಿನ ಮಾತು. ಪುಂಡಲೀಕ ಕೈಕಟ್ಟಿ ನಿಂತ. ಎಳೆ ಮಗುವಿನ ಅಪ್ಪ. ಒಳಗೆ ಹಾಕಿದರೆ ಎಷ್ಟು ದಿನವೋ, ಎಷ್ಟು ವರ್ಷವೋ ಕೇಳುವವರಿಲ್ಲ.

"ಎಷ್ಟು ಮನೆಗೆ ಹೋದಿರಿ, ಬಾಯ್?"

"ಎಣಿಸಿಕೊಂಡು ಯಾರು ಕರೆಯುತ್ತಾರೆ? ತೆರೆದ ಬಾಗಿಲಿಗೆಲ್ಲ ಹೋದೆ."

"ಏನು ಹೇಳಿದಿರಿ?"

"ಮೊಮ್ಮಗಳ ತೊಟ್ಟಿಲಿಗೆ ಬನ್ನಿ ಎಂದೆ."

"ಅಷ್ಟೇ?"

"ಅಷ್ಟೇ ಎಲ್ಲಿ? ಮೂಗು ಅಜ್ಜನದು, ಕಣ್ಣು ನನ್ನದು, ಬೆರಳು ಹಿಡಿದರೆ ಬಿಡುವುದಿಲ್ಲ ಅಂತಲೂ ಹೇಳಿದೆ. ಬರೆದುಕೊಳ್ಳಿ."

ಬಾಗಿಲಲ್ಲಿದ್ದ ಪೋಲೀಸಿಗೆ ಕೆಮ್ಮು ಬಂತು. ರೆಜಿದೋರ ನಗಲಿಲ್ಲ. "ಇದು ನನ್ನ ಕಾನೂನಲ್ಲ. ಮೇಲಿನಿಂದ ಬಂದದ್ದು" ಎಂದ.

"ನಿಮ್ಮನ್ನು ಈ ಕುರ್ಚಿಯಲ್ಲಿ ಕೂರಿಸಿದ್ದು ಯಾರು?"

"ತಾಲೂಕಿನ ಅದ್ಮಿನಿಸ್ತ್ರಾದೋರ್ ಸಾಹೇಬರು."

"ಅವರನ್ನು?"

"ಪಣಜಿಯ ಗವರ್ನರು."

"ಗವರ್ನರನ್ನು?"

ಅವನು ಕೈ ಎತ್ತಿ ಪಟ ತೋರಿಸಿದ.

"ಮತ್ತೆ ಅವನನ್ನು?"

ಪುಂಡಲೀಕ ನನ್ನ ಸೆರಗು ಎಳೆದ. ರೆಜಿದೋರ ಪಟದ ಕಡೆ ನೋಡದೆ, ಬಾಗಿಲ ಕಡೆ ನೋಡಿ, ದನಿ ಇಳಿಸಿದ. "ಬಾಯ್, ನಿಮ್ಮಲ್ಲಿ ನೀವೇ ಕೂರಿಸುತ್ತೀರೋ? ಓಟು ಹಾಕಿದಿರಂತೆ. ಪೆಟ್ಟಿಗೆ ನೀವು ಆರಿಸಿದ್ದೋ, ನಿಮ್ಮ ಯಜಮಾನರು ಹೇಳಿದ್ದೋ?"

ಚುಚ್ಚಿದ. ನಿಜವೇ, ಹೋದ ವರ್ಷದ ಚುನಾವಣೆಯಲ್ಲಿ ಯಾವ ಚಿತ್ರದ ಪೆಟ್ಟಿಗೆಗೆ ಚೀಟಿ ಹಾಕಬೇಕು ಎಂದು ಇವರು ದಾರಿಯುದ್ದಕ್ಕೂ ಪಾಠ ಹೇಳಿದ್ದರು. ನಾನು ಹೇಳಿದೆ: "ಹೇಳುವವರು ಹೇಳಿದರು. ಪರದೆ ಸರಿಸಿ ಒಳಗೆ ಹೋದವಳು ನಾನೊಬ್ಬಳೇ. ಅಲ್ಲಿ ನನ್ನ ಗಂಡನೂ ಇರಲಿಲ್ಲ, ಸಾಹೇಬನೂ ಇರಲಿಲ್ಲ. ಯಾವ ಪೆಟ್ಟಿಗೆಗೆ ಹಾಕಿದೆ ಅಂತ ಇವತ್ತಿನವರೆಗೆ ಅವರಿಗೂ ಗೊತ್ತಿಲ್ಲ. ನಿಮಗೆ ಹಾಗೆ ಒಂದು ಗಳಿಗೆ ಒಬ್ಬರೇ ನಿಲ್ಲುವ ಜಾಗ ಈ ಊರಲ್ಲಿ ಎಲ್ಲಿದೆ?"

ಅವನ ಮುಖ ಕೆಂಪಾಯಿತು. ಮೆತ್ತಗಿನ ಮಾತು ಹೋಯಿತು. "ನಾಳೆ ಕರೆದ ಮನೆಗೆಲ್ಲ ನೀವೇ ಹೋಗಬೇಕು. ಬರಬೇಡಿ ಎಂದು ಹೇಳಬೇಕು. ಪೋಲೀಸು ಹಿಂದೆ ಬರುತ್ತಾನೆ. ಒಂದು ಮನೆ ಬಿಟ್ಟರೂ ನಿಮ್ಮ ಅಳಿಯ ಒಳಗೆ."

"ಒಂದನ್ನೂ ಬಿಡಬಾರದೋ?"

"ಒಂದನ್ನೂ!"

ತಿರುಗಿ ಅದೇ ಕೇರಿ

ಓದುವವರೇ, ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗಿದ್ದರೆ ಹೇಳಿ. ಕರೆದು ಬಂದ ಹೊಸ್ತಿಲಿಗೆ ತಿರುಗಿ ಹೋಗಿ, ಕುಂಕುಮ ಕೊಟ್ಟ ಕೈಯಲ್ಲೇ ಬರಬೇಡಿ ಎನ್ನುವುದು! ಸಾವಾದ ಮನೆಯವರು ಮಾತ್ರ ಹೇಳುವ ಮಾತು ಅದು. ನನ್ನ ಬಂಗಾರದಂಥ ಮೊಮ್ಮಗಳು ಒಳಗೆ ಕಾಲು ಬಡಿಯುತ್ತಿರುವಾಗ ಆ ಮಾತನ್ನು ನನ್ನ ಬಾಯಿಂದ ಹೇಳಿಸಿದರು. ಒಬ್ಬನೇ ಆಳಿದರೆ ಶಿಸ್ತು ಎನ್ನುವವರು ಈ ಶಿಸ್ತನ್ನು ಒಂದು ಸಲ ಹೊರಬೇಕು.

ಹಿಂದೆ ಬಂದವನು ಬಾಗಿಲಲ್ಲಿ ಕೆಮ್ಮಿದ ಪೋಲೀಸೇ, ಮೀಸೆ ನರೆತವನು, ಒಂದು ಕಾಲು ಎಳೆಯುತ್ತಿದ್ದ. ಗಾಂವಕಾರರು ಕಿಟಕಿಯಿಂದಲೇ, "ಆಯಿತು, ಆಯಿತು" ಎಂದು ಬಾಗಿಲು ಹಾಕಿದರು. ಮೀನಿನವರ ಮನೆಯ ಹುಡುಗಿ ಅತ್ತಳು. ಕಾರ್ಮೆಲಿನ್‌ಬಾಯಿ ಮಾತ್ರ ನನ್ನನ್ನು ದಾಟಿ ಪೋಲೀಸಿಗೇ ಕೇಳಿದಳು. "ಕಡಲೆಬೇಳೆ ನೆನೆಹಾಕಿದ್ದೇನೆ. ಚೆಲ್ಲಲೋ? ಅದಕ್ಕೂ ಕಾಗದ ಬೇಕೋ?"

"ನನಗೇನು ಗೊತ್ತು, ಬಾಯ್" ಎಂದು ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

ಎಲ್ಲ ಮುಗಿಯಿತು ಎಂದು ಅವನು ತಿರುಗಿದ.

"ಇನ್ನೊಂದು ಮನೆ ಇದೆ" ಎಂದೆ.

ದೊಡ್ಡ ಮೆಟ್ಟಿಲು ನೋಡಿ ಅವನು ನಿಂತೇ ಬಿಟ್ಟ. "ಬೇಡ, ಬಾಯ್."

"ಒಂದನ್ನೂ ಬಿಡಬಾರದು ಎಂದು ಅವರೇ ಹೇಳಿದ್ದು. ನೀವೂ ಕೇಳಿದ್ದೀರಿ."

ರೆಜಿದೋರ ಜಗುಲಿಯಲ್ಲಿ ಚಹ ಕುಡಿಯುತ್ತಿದ್ದ. ಪಕ್ಕದಲ್ಲಿ ತಾಯಿ ಬತ್ತಿ ಹೊಸೆಯುತ್ತಿದ್ದಳು. ನಾನು ಹೊಸ್ತಿಲ ಹೊರಗೆ ನಿಂತು, ಕೈ ಮುಗಿದು, ಗಟ್ಟಿಯಾಗಿ ಹೇಳಿದೆ: "ನನ್ನ ಮೊಮ್ಮಗಳ ತೊಟ್ಟಿಲಿಗೆ ನಿಮ್ಮ ಮನೆಯವರು ಬರಬೇಡಿ."

"ಏನು?" ಎಂದಳು ಮುದುಕಿ.

"ಬರಬೇಡಿ!"

"ಬರುತ್ತೇನೆ ಎಂದೆನಲ್ಲ!"

"ಬರಬೇಡಿ, ಆಯಿ, ಬರಬೇಡಿ!" ಕೇರಿಯ ಕಿಟಕಿಗಳು ಒಂದೊಂದಾಗಿ ತೆರೆದವು. ರೆಜಿದೋರ ಎದ್ದು ನಿಂತ, ಚಹ ಪಂಚೆಯ ಮೇಲೆ ಚೆಲ್ಲಿತು. "ಸಾಕು, ಸಾಕು" ಎಂದ. ಮುದುಕಿಗೆ ಈಗ ತಿಳಿಯಿತು. ಅವಳ ಮುಖ ಸುಕ್ಕಿಕೊಂಡು ಸಣ್ಣದಾಯಿತು.

"ನಾನೇನು ತಪ್ಪು ಮಾಡಿದೆ, ಮಗಳೇ? ನನ್ನನ್ನು ತೊಟ್ಟಿಲಿಗೆ ಬೇಡ ಅನ್ನುವಂಥದ್ದು?"

"ನಾನು ಬೇಡ ಅನ್ನಲಿಲ್ಲ, ಆಯಿ. ನಿಮ್ಮ ಮಗ ಅಂದದ್ದು."

ಅವಳು ಮಗನ ಕಡೆ ತಿರುಗಿದಳು. ಅವನು ತಾಯಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಪೋಲೀಸಿನ ಮೇಲೆ ರೇಗಿದ. ನಾನು ಮೆಟ್ಟಿಲಿಳಿದೆ. ಮುದುಕಿಯ ಮೇಲೆ ಕನಿಕರ ಬಂತೇ ಎಂದು ಕೇಳಿದರೆ, ಅವತ್ತು ಬರಲಿಲ್ಲ.

ತೊಟ್ಟಿಲ ದಿನ

ಬಾಗಿಲಾಚೆ ಅದೇ ಪೋಲೀಸು ಕೂತಿದ್ದ. ತೊಟ್ಟಿಲ ಈ ಕಡೆ ನಾನು, ಬೀಗಿತ್ತಿ. ಪುಂಡಲೀಕನ ತಂಗಿ ಹೆಸರು ಹೇಳುವವಳು. ಆ ಕಡೆ ಯಾರೂ ಇಲ್ಲ. ಖಾಲಿ ನೆಲ, ರಂಗೋಲಿ. ಶಾರದೆ ಅತ್ತಿತ್ತ ನೋಡಿ, "ಆಯಿ, ಆ ಕಡೆಗೆ ಇವರನ್ನೇ ನಿಲ್ಲಿಸೋಣವೇ?" ಎಂದು ಗಂಡನನ್ನು ತೋರಿಸಿದಳು. ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡಳು.

ಆಗ ಹೊರಗೆ ಕೋಲಿನ ಸದ್ದು. ರೆಜಿದೋರನ ತಾಯಿ! ಒಬ್ಬಳೇ ನಡೆದು ಬಂದಿದ್ದಳು. ಪೋಲೀಸು ಎದ್ದ. "ಏನೋ, ನನ್ನನ್ನು ಹಿಡಿಯುತ್ತೀಯೋ? ಒಬ್ಬಳು ಮುದುಕಿ ನಿನಗೆ ಸಭೆಯೋ?" ಎಂದಳು. ಅವನು ತಿರುಗಿ ಕೂತ.

ಅವಳು ನೇರ ಬಂದು ತೊಟ್ಟಿಲ ಆ ಕಡೆ ನಿಂತು ಕೋಲು ಬದಿಗಿಟ್ಟು ಎರಡೂ ಕೈ ಚಾಚಿದಳು. ಬಳೆಯಿಲ್ಲದ ಕೈ. ಬೀಗಿತ್ತಿ ನನ್ನ ಕಿವಿಯಲ್ಲಿ, "ವಿಧವೆ. ತೊಟ್ಟಿಲು ಮುಟ್ಟುವ ಪದ್ಧತಿ ಇಲ್ಲ" ಎಂದರು. ಆ ವಾರ ನನಗೆ ಎಲ್ಲರ ಕಾನೂನೂ ಸಾಕಾಗಿ ಹೋಗಿತ್ತು. ಮಗುವನ್ನು ಎತ್ತಿ ತೊಟ್ಟಿಲ ಕೆಳಗಿನಿಂದ ಕೊಟ್ಟೆ. ಅವಳು ತೆಗೆದುಕೊಂಡು ಮೇಲಿನಿಂದ ತಿರುಗಿ ಕೊಟ್ಟಳು. ಮತ್ತೆ ಕೊಟ್ಟೆ, ಮತ್ತೆ ಕೊಟ್ಟಳು.

ಮಗುವಿನ ಅತ್ತೆ ಬಾಗಿ ಕಿವಿಯಲ್ಲಿ ಹೆಸರು ಹೇಳಿದಳು.

"ಏನು ಹೆಸರು?" ಎಂದಳು ಮುದುಕಿ.

"ಕುಸುಮ" ಎಂದೆ.

"ಏನು?"

"ಕುಸುಮ!"

"ಗಟ್ಟಿ ಹೇಳೇ. ಈ ಊರಲ್ಲಿ ಎಲ್ಲರೂ ಪಿಸುಗುಡುತ್ತಾರೆ, ನನಗೆ ಏನೂ ಕೇಳುವುದಿಲ್ಲ!"

ನಾನು ಹೋಗಿ ಬೀಗಿತ್ತಿ ಹಾಕಿದ್ದ ಕಿಟಕಿಗಳನ್ನೆಲ್ಲ ತೆಗೆದೆ. ಆಮೇಲೆ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.